ಪೂಜೆಗೆ ಕೂತ ಗ್ರಾಫಿಕ್ಸ್ ಕಾರ್ಡು

ಕೈಯಲ್ಲಿ ಕಾಸಿಲ್ಲದಾಗ ಸುಮ್ಮನಿರುವವರು ಒಂದು ಬಗೆ, ಕಾಸಿಲ್ಲದಿರುವುದನ್ನೇ ಸಿದ್ಧಾಂತ ಮಾಡಿಕೊಳ್ಳುವವರು ಇನ್ನೊಂದು ಬಗೆ. ನಾನು ಎರಡನೆಯವನು. ಆದಿ ಉಡುಪಿಯ ಸಂತೆಯಲ್ಲಿ ಬಾಡಿದ ಹರಿವೆ ಅಗ್ಗಕ್ಕೆ ಸಿಕ್ಕಿದರೆ, ತೀರಾ ತಾಜಾ ಸೊಪ್ಪಿನಲ್ಲಿ ಸತ್ವ ಇರುವುದಿಲ್ಲ ಎಂದು ಹೆಂಡತಿ ಸುಜಾತಳಿಗೆ ಪಾಠ ಮಾಡುತ್ತೇನೆ. ಅವಳು ಕೇಳಿಸಿಕೊಂಡು, ಬಾಡಿದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಾಳೆ.

ಹೀಗಿರುವಾಗ ನಮ್ಮ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಬಜಗೋಳಿಯಲ್ಲಿರುವ ಅತ್ತೆ ಹಿಂದೆ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೇಳುತ್ತಿದ್ದ ತುಳು ಹಾಡುಗಳನ್ನು, ಪಾಡ್ದನಗಳನ್ನು, ಸುಜಾತ ಅವರಿಂದ ಹೇಳಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದಳು. ತನ್ನ ತಮ್ಮ ಸುಧಾಕರ ಶಾರ್ಜಾದಿಂದ ರಜೆಗೆ ಬರುವುದರೊಳಗೆ ಅವನ್ನೆಲ್ಲ ಒಂದು ವಿಡಿಯೋ ಮಾಡಬೇಕೆಂಬುದು ಅವಳ ಆಸೆ. ಅತ್ತೆಯ ದನಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು, ಹಾಗಾಗಿ ಇದು ನನಗೂ ತಮಾಷೆಯ ವಿಷಯವಾಗಿರಲಿಲ್ಲ. ಕಂಪ್ಯೂಟರ್ ಮಾತ್ರ ಮೊದಲ ಪಾಡ್ದನದ ನಡುವೆಯೇ ನಿದ್ದೆ ಹೋಗುತ್ತಿತ್ತು. ಮಣಿಪಾಲದ ಅಂಗಡಿಯವರು ನನ್ನ ಬಜೆಟ್ ಕೇಳಿ, ಇದರಲ್ಲಿ ಹೊಸ ವಿಂಡೋಸ್ ಆದೀತು ಅಥವಾ ವಿಡಿಯೋ ಕೆಲಸಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಆದೀತು, ಎರಡೂ ಆಗಲಿಕ್ಕಿಲ್ಲ ಎಂದರು. ಆ ಕ್ಷಣವೇ ನಾನು, ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸಿನ ಅನುಯಾಯಿಯಾದೆ. ಜ್ಞಾನ ಎಲ್ಲರ ಸೊತ್ತು, ಅದಕ್ಕೆ ಬೆಲೆ ಕಟ್ಟುವುದು ತಪ್ಪು ಎಂದು ಮನೆಯಲ್ಲಿ ಭಾಷಣ ಮಾಡಿದೆ. ಪ್ರಿಂಟರ್ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದೆ. ಸಿದ್ಧಾಂತವೆಂದ ಮೇಲೆ ಅಷ್ಟು ತ್ಯಾಗ ಇರಬೇಕು.

ಕಾರ್ಡ್ ಕೊಳ್ಳುವಷ್ಟರಲ್ಲಿ ಸುಧಾಕರನ ಫೋನು ಬಂತು. ಅಲ್ಲಿ ಕೊಳ್ಳಬೇಡಿ ಭಾವ, ನಾನು ಇಲ್ಲಿಂದ ಕಳಿಸುತ್ತೇನೆ ಎಂದ. ನಮ್ಮ ಕಂಪ್ಯೂಟರ್ ಡಬ್ಬಿಯ ಅಳತೆ ಬರೆದು ಕಳಿಸುವ ಎಂದುಕೊಂಡೆ. ಆದರೆ ಪ್ರೀತಿಯಿಂದ ಕೊಡುವವನಿಗೆ ಇಷ್ಟುದ್ದ, ಇಷ್ಟಗಲ ಎನ್ನುವುದು ನಮ್ಮ ಕಡೆ ಕ್ರಮವಲ್ಲ. ಗಲ್ಫಿನಿಂದ ಬಂದದ್ದಕ್ಕೆ ಬೆಲೆ ಕೇಳಬಾರದು, ಕೊರತೆ ಹೇಳಬಾರದು. ನನ್ನ ತಲೆಗೆ ದೊಗಲೆಯಾದ ಟೋಪಿಯನ್ನೂ ನಾನು ಹಾಗೆಯೇ ಹಾಕಿಕೊಂಡಿದ್ದೇನೆ. ಊರಿಗೆ ಬರುತ್ತಿದ್ದ ಕಾಪುವಿನವರೊಬ್ಬರ ಪೆಟ್ಟಿಗೆಯಲ್ಲಿ, ಬಾದಾಮಿ ಮತ್ತು ಸೆಂಟಿನ ನಡುವೆ ಕಾರ್ಡು ಬಂತು. ಮೂರು ಫ್ಯಾನು, ಸುತ್ತಲೂ ಬಣ್ಣದ ದೀಪ. ನನ್ನ ಕಂಪ್ಯೂಟರ್ ಡಬ್ಬಿಗಿಂತ ಅದೇ ಉದ್ದವಿತ್ತು. ಅಡ್ಡ ಹಿಡಿದೆ, ಓರೆ ಹಿಡಿದೆ, ಒಳಗೆ ಹೋಗಲೇ ಇಲ್ಲ.

ಹೇಗುಂಟು ಭಾವ ಎಂದು ಸುಧಾಕರ ಕೇಳಿದಾಗ ಫಸ್ಟ್ ಕ್ಲಾಸ್ ಎಂದೆ. ಓವರ್‌ಟೈಮ್ ಮಾಡಿ ಕೊಂಡದ್ದೆಂದು ಅವನು ಅಕ್ಕನಿಗೆ ಹೇಳಿದ್ದ, ಬೇರೆ ಎಂತ ಹೇಳಲಿ? ಕಾರ್ಡನ್ನು ಕಪಾಟಿನ ಮೇಲಿಟ್ಟು, ಹಳೆಯ ಕಂಪ್ಯೂಟರನ್ನೇ ಲಿನಕ್ಸಿನ ಪುಣ್ಯದಿಂದ ತಳ್ಳಿ ತಳ್ಳಿ ವಿಡಿಯೋ ಮುಗಿಸಿದೆ. ರಜೆಗೆ ಬಂದ ಸುಧಾಕರ ಅದನ್ನು ಬಜಗೋಳಿಯ ಮನೆಯ ಟಿವಿಯಲ್ಲಿ ಹಾಕಿದ. ಅತ್ತೆ ತನ್ನ ದನಿಯನ್ನು ತಾನೇ ಕೇಳಿ ಸೆರಗಿನಿಂದ ಕಣ್ಣೊರಸಿಕೊಂಡರು. ಸುಧಾಕರ ನೆರೆಕರೆಯವರಿಗೆಲ್ಲ, ಇದು ಕಾರ್ಡಿನ ಶಕ್ತಿ ಎಂದ. ನಾನೂ ತಲೆಯಾಡಿಸಿದೆ.

ಆಯುಧ ಪೂಜೆಯ ದಿನ ಅವನ ಫೋನು ಬಂತು. ಅಮ್ಮನನ್ನು ಕರೆದುಕೊಂಡು ಕಟಪಾಡಿ ತಲುಪಿದ್ದೇನೆ, ನಾಳೆ ಬೆಳಿಗ್ಗೆ ವಿಮಾನ, ಹೋಗುವ ಮೊದಲು ಕಾರ್ಡಿನ ದೀಪ ಉರಿಯುವುದನ್ನು ನೋಡಬೇಕು ಎಂದ. ಕಟಪಾಡಿಯಿಂದ ನಮ್ಮ ಮನೆಗೆ ಎಷ್ಟು ದೂರ, ಕಾಲು ಗಂಟೆ ಸಾಕು. ಅವನ ಮುಖ ಬಾಡುವುದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ದೇವರ ಮುಂದಿನ ಮಣೆಯಲ್ಲಿ ಕತ್ತಿ, ಸ್ಕೂಟರಿನ ಕೀ, ಸುಜಾತಳ ಕತ್ತರಿ ಇದ್ದವು. ಕಾರ್ಡನ್ನೂ ತಂದು ಅವುಗಳ ಜೊತೆ ಕೂರಿಸಿ, ಗಂಧ ಹಚ್ಚಿ, ಸೇವಂತಿಗೆ ಇಟ್ಟೆ.

ಸುಧಾಕರನಿಗೆ ಸಂತೋಷವೋ ಸಂತೋಷ. ಪೂಜೆಯಾಯಿತಲ್ಲ, ಇನ್ನು ಒಳಗೆ ಹಾಕಿ ತೋರಿಸಿ ಎಂದ. ನಾನು ದೇವರ ಪಟ ನೋಡಿದೆ.

ಸುಜಾತ ಅಡುಗೆಮನೆಯಿಂದಲೇ, "ಪೂಜೆಗಿಟ್ಟದ್ದನ್ನು ನಾಳೆವರೆಗೆ ಮುಟ್ಟುವ ಕ್ರಮ ಉಂಟಾ ಮಾರಾಯ?" ಎಂದಳು.

ಸುಧಾಕರ ಕಾರ್ಡಿಗೆ ಕೈಮುಗಿದ. ಅತ್ತೆ ಮಾತ್ರ ಕಾರ್ಡನ್ನೂ, ಮೇಜಿನ ಮೇಲಿದ್ದ ಕಂಪ್ಯೂಟರ್ ಡಬ್ಬಿಯನ್ನೂ ಒಂದಾದ ಮೇಲೊಂದು ನೋಡಿದರು. ನೇಜಿ ಕಟ್ಟಿದ ಸೂಡಿ ಎಷ್ಟು ಗದ್ದೆಗೆ ಸಾಕೆಂದು ಕಣ್ಣಲ್ಲೇ ಅಳೆಯುತ್ತಿದ್ದವರು ಅವರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದರು: "ಹೊರಗೆ ಕೂತೇ ಇಷ್ಟು ಕೆಲಸ ಮಾಡಿದೆ. ಇನ್ನು ಒಳಗೆ ಹಾಕುವ ಉಪದ್ರ ಎಂತಕ್ಕೆ, ಅಲ್ವಾ?"

ಕಾರ್ಡು ಈಗ ಷೋಕೇಸಿನಲ್ಲಿ, ಶಾರ್ಜಾದ ಡಿನ್ನರ್ ಸೆಟ್ಟಿನ ಪಕ್ಕದಲ್ಲಿದೆ. ಯಂತ್ರವನ್ನು ದುಡಿಸುವುದಕ್ಕಿಂತ ಗೌರವಿಸುವುದು ದೊಡ್ಡದು ಎಂಬುದು ನನ್ನ ಹೊಸ ಸಿದ್ಧಾಂತ. ತಾನು ಕೊಟ್ಟದ್ದಕ್ಕೆ ಭಾವ ಹೂವಿಟ್ಟದ್ದನ್ನು ಕಂಡು ಕರಗಿಹೋದ ಸುಧಾಕರ, ಮುಂದಿನ ಸಲ ಇದಕ್ಕಿಂತ ದೊಡ್ಡದು ತರುತ್ತೇನೆ ಎಂದು ಹೇಳಿ ಹೋಗಿದ್ದಾನೆ. ನಾನು ಫಸ್ಟ್ ಕ್ಲಾಸ್ ಎಂದಿದ್ದೇನೆ.