ಫ್ರೀಜರಿನ ತಳದಲ್ಲಿ ನನ್ನ ಬಿ.ಎ.

ನಾನು ಬಿ.ಎ. ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನಮ್ಮ ಅತ್ತೆ ನೀಲವ್ವ. ಮನೆಯೊಳಗೆ ಅಂದಿದ್ದರೆ ಮರೆಯಬಹುದಿತ್ತು. ಯಮಕನಮರಡಿಯ ನಮ್ಮ ಓಣಿಯ ನಳದ ಮುಂದೆ, ಇಡೀ ಓಣಿಯ ಕೊಡಗಳು ಪಾಳಿ ಹಚ್ಚಿದ್ದಾಗ ಅಂದರು: "ಎಮ್ಮಿ ಹಿಂಡೂ ಕೈಯಾಗ ಪೆನ್ನ ಹಿಡದ ಬಿ.ಎ. ಆಗತಾಳಂತ. ಆಕಿ ಬಿ.ಎ. ಆದ ದಿನಾ ನಮ್ಮ ಎಮ್ಮಿ ಎಸ್ಸೆಸ್ಸೆಲ್ಸಿ ಆಗತೈತಿ." ಎಮ್ಮೆ ಇನ್ನೂ ಆಗಿಲ್ಲ, ನಾನು ಆದೆ. ಮೇಲವಂಕಿಯ ನನ್ನ ತವರಿನಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವಳು ನಾನೇ ಮೊದಲು. ಎರಡು ಮಕ್ಕಳು, ನಾಲ್ಕು ಎಮ್ಮೆ, ಇಂಗ್ಲಿಷಿನಲ್ಲಿ ಮೂರು ಸಲ ನಪಾಸು, ಇಷ್ಟನ್ನೂ ದಾಟಿ ಮೂವತ್ತೊಂಬತ್ತನೆಯ ವಯಸ್ಸಿಗೆ ಮನೆಯಲ್ಲೇ ಓದಿ ಪದವೀಧರೆಯಾದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ಕೇಳದಿದ್ದರೂ ಹೇಳುತ್ತೇನೆ.

ಆದರೆ ಕಷ್ಟಪಟ್ಟು ಓದಿದವರಿಗೆ ಒಂದು ಚಟ ಅಂಟುತ್ತದೆ. ಅಚ್ಚಾದ ಕಾಗದ ಏನು ಸಿಕ್ಕರೂ ಓದದವರನ್ನು ಕೂರಿಸಿಕೊಂಡು ಓದಿ ಹೇಳುವುದು. ನನ್ನ ಪಾಲಿಗೆ ಸಿಕ್ಕಿದ್ದು ಫ್ರೀಜರಿನ ಜೊತೆ ಬಂದ ಪುಸ್ತಕ. ನಾವು ಹಾಲು ಕಾಯಿಸಿ ಖವಾ ಮಾಡಿ ಹೆದ್ದಾರಿಯ ಹೋಟೆಲುಗಳಿಗೆ ಕೊಡುವವರು. ಮಾರಾಟವಾಗದೆ ಉಳಿದ ಖವಾ ಹುಳಿ ಬರುತ್ತದೆಂದು ನಮ್ಮವರು ಗೋಕಾಕಿನಿಂದ ಟೆಂಪೋದಲ್ಲಿ ಒಂದು ಫ್ರೀಜರ್ ತಂದರು. ನಿಂತ ಕಪಾಟಿನಂಥದ್ದಲ್ಲ, ಮಲಗಿದ ಪೆಟ್ಟಿಗೆಯಂಥದ್ದು, ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಮುಂದೆ ಒಂದು ಕೀಲಿ. ಅತ್ತೆ ಅರಿಶಿನ ಕುಂಕುಮ ಹಚ್ಚಿ, ಅದರ ಮೂಲೆಗೇ ಕಾಯಿ ಒಡೆಯಲು ಕೈ ಎತ್ತಿದರು. ನಾನು ಅಡ್ಡ ಬಿದ್ದು, ಕಾಯಿಯನ್ನು ಹೊಸ್ತಿಲ ಕಲ್ಲಿಗೆ ಒಡೆಸಿದೆ.

ಆಮೇಲೆ ಪಾರಾಯಣ ಶುರುವಾಯಿತು. ಗೋಡೆಗೆ ತಾಗಿಸಬಾರದು, ಗೇಣು ಜಾಗ ಬಿಡಬೇಕು. ನೆಲ ಸಮ ಇರಬೇಕು. ಸಮ ನೋಡಲು ಅದರ ಮೇಲೆ ತಾಟಿನಲ್ಲಿ ನೀರಿಟ್ಟು ನಾಲ್ಕು ಸಲ ಕೆಳಗಿನ ಚಪ್ಪಟೆ ಕಲ್ಲು ಬದಲಿಸಿದೆ. ಗಾಡಿಯಲ್ಲಿ ಬಂದದ್ದರಿಂದ ನಾಲ್ಕು ತಾಸು ಕರೆಂಟು ಕೊಡದೆ ಸುಮ್ಮನೆ ಬಿಡಬೇಕು ಎಂದು ಓದಿದಾಗ ಅತ್ತೆ, "ಬಾಣಂತಿ ಏನವಾ ಇದು, ಆರಾಮ ತಗೊಳ್ಳಾಕ?" ಅಂದರು. ನಾನು ಪುಸ್ತಕ ಮಡಚಿ, ಪದವೀಧರೆಯ ದನಿಯಲ್ಲಿ ಹೇಳಿದೆ: "ಅತ್ತಿ, ಇದರಾಗ ಇಟ್ಟದ್ದು ತಿಂಗಳಗಟ್ಟಲೆ ಇಟ್ಟಂಗ ಇರತೈತಿ. ಕೆಡೂದಿಲ್ಲ, ಹುಳಾ ಬೀಳೂದಿಲ್ಲ."

"ಗೆದ್ದಲ?"

"ಆ ಥಂಡ್ಯಾಗ ಗೆದ್ದಲ ಎಲ್ಲಿಂದ ಬರತೈತ್ರಿ?"

ಖವಾಕ್ಕೂ ಗೆದ್ದಲಿಗೂ ಏನು ಸಂಬಂಧ ಎಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಅತ್ತೆಯ ತವರಿನ ಟ್ರಂಕನ್ನು, ಅದರೊಳಗಿನ ಲಗ್ನದ ಸೀರೆಯ ಸಮೇತ ಗೆದ್ದಲು ತಿಂದ ಕತೆ ನಾನು ಮದುವೆಯಾದಾಗಿನಿಂದ ಕೇಳಿದ್ದೆ. ಅನುಮಾನ ಬರಲಿಲ್ಲ. ಅಂದಿನಿಂದ ಕೀಲಿ ಅತ್ತೆಯ ಎಲೆ ಅಡಿಕೆ ಚೀಲ ಸೇರಿತು. ಖವಾ ಇಡುವುದು, ತೆಗೆಯುವುದು ಎಲ್ಲ ಅವರದೇ ಕೈ. ಒಳಗೆ ಬೆರಳು ದಪ್ಪ ಬರ್ಫ ಕಟ್ಟಿದರೆ ಬಂದ್ ಮಾಡಿ ಕರಗಿಸಬೇಕು ಎಂದು ಪುಸ್ತಕದಲ್ಲಿತ್ತು. ಓದುವುದು ನನ್ನ ಕೆಲಸ. ಕರಗಿಸುವುದು ಯಾರ ಕೆಲಸವೆಂದು ಪುಸ್ತಕ ಹೇಳಿರಲಿಲ್ಲ.

ಹೀಗಿರುವಾಗ ಹುಕ್ಕೇರಿಯ ಒಂದು ಶಾಲೆಯಲ್ಲಿ ನನಗೆ ಗುಮಾಸ್ತಿ ಕೆಲಸ ಬರುವಂತಾಯಿತು. ಸೋಮವಾರ ಹನ್ನೊಂದಕ್ಕೆ ಬಿ.ಎ. ಪ್ರಮಾಣಪತ್ರ ತರಬೇಕು, ಅಸಲು ಪ್ರತಿಯೇ ಬೇಕು, ತರದಿದ್ದರೆ ಕೆಲಸ ಪಟ್ಟಿಯಲ್ಲಿನ ಮುಂದಿನವರಿಗೆ. ಮನೆಗೆ ಸುಣ್ಣ ಹಚ್ಚುವಾಗ ಅದನ್ನು ಜೋಪಾನವಾಗಿಡಿ ಎಂದು ಅತ್ತೆಗೆ ಕೊಟ್ಟಿದ್ದೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಕೇಳಿದೆ. ಹಿಂದಿನ ದಿನವೇ ಯಾಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ನಮ್ಮವರೂ ಕೇಳಿದರು. ಅತ್ತೆ ಎಲೆ ಅಡಿಕೆ ಚೀಲದಿಂದ ಕೀಲಿ ತೆಗೆದು ಫ್ರೀಜರಿನ ಕಡೆಗೆ ನಡೆದರು.

ಟ್ರಂಕು ತುಂಬುವುದಕ್ಕೆ ನಮ್ಮ ಕಡೆ ಒಂದು ರೀತಿಯಿದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಲ್ಲಕ್ಕಿಂತ ತಳದಲ್ಲಿ. ಅತ್ತೆ ಆ ರೀತಿ ತಪ್ಪಿರಲಿಲ್ಲ. ಮೇಲೆ ಖವಾ, ಅದರ ಕೆಳಗೆ ಅವರ ಬೆಳ್ಳಿ ಕಾಲುಂಗುರದ ಡಬ್ಬಿ, ಅದರ ಕೆಳಗೆ ಒಂದು ಇಳಕಲ್ ಸೀರೆ, ಅದರ ಕೆಳಗೆ ನನ್ನ ಬಿ.ಎ. ಗಾಳಿಮಳೆಗೆ ಎರಡು ದಿನ ಕರೆಂಟು ಹೋದಾಗ ಬರ್ಫವೆಲ್ಲ ಕರಗಿ ತಳಕ್ಕಿಳಿದು, ಕರೆಂಟು ಬಂದ ಮೇಲೆ ಮತ್ತೆ ಕಲ್ಲಾಗಿತ್ತು. ಆ ಕಲ್ಲಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಹೆಸರು ಕನ್ನಡಿಯ ಆಚೆ ನಿಂತವರಂತೆ ನನ್ನನ್ನೇ ನೋಡುತ್ತಿತ್ತು.

ನಮ್ಮವರು ಹಾರೆ ತಂದರು. ನಾನು ಪುಸ್ತಕ ತಂದೆ. "ಹರಿತವಾದ ವಸ್ತುವಿನಿಂದ ಕೆರೆಯಬಾರದು," ಎಂದು ಓದಿದೆ.

"ಇನ್ನೂ ಓದತೀ ಏನ ನೀ?" ಅಂದರು ನಮ್ಮವರು.

ಪುಸ್ತಕ ಹೇಳಿದಂತೆ ಕರೆಂಟು ತೆಗೆದು, ಬಿಸಿನೀರಿನ ಪಾತ್ರೆಗಳನ್ನು ಒಳಗಿಟ್ಟು ಮುಚ್ಚಳ ಹಾಕಿದೆವು. ಎಂಟೂವರೆಗೆ ಬರ್ಫ ತಳದಿಂದ ಬಿಟ್ಟಿತು. ಆದರೆ ಕರಗಲಿಲ್ಲ, ಹಾಸುಗಲ್ಲಿನಂತೆ ಇಡಿಯಾಗಿ ಬಂತು. ಬಸ್ಸಿಗೆ ಕಾಲು ತಾಸು ಉಳಿದಿತ್ತು. ಬಿಸಿನೀರು ಹೊಯ್ಯಲು ಹೋದ ನಮ್ಮವರ ಕೈಯನ್ನು ಅತ್ತೆ ಹಿಡಿದರು. "ಬ್ಯಾಡ. ಚೀಲ ಕರಗಿ ನೀರ ಒಳಗ ಹೋದ್ರ ಅಕ್ಷರ ಬಿಡತಾವ. ಬಕೇಟ್ನ್ಯಾಗ ಹಾಕ, ಹಾದ್ಯಾಗ ಕರಗತೈತಿ. ನಾನೂ ಬರತೀನಿ."

ಹುಕ್ಕೇರಿ ಬಸ್ಸಿನಲ್ಲಿ ಇಬ್ಬರ ನಡುವೆ ಬಕೇಟು. ಕಂಡಕ್ಟರ್ ಬಗ್ಗಿ ನೋಡಿದ. "ಏನ್ರಿ ಅಜ್ಜಿ, ಮೀನ ಏನು?"

"ಮೀನ ಅಲ್ಲೋ ತಮ್ಮಾ," ಅಂದರು ಅತ್ತೆ. "ನಮ್ಮ ಸೊಸಿ ಬಿ.ಎ."

ಅವನು ನನ್ನನ್ನೊಮ್ಮೆ, ಬಕೇಟನ್ನೊಮ್ಮೆ ನೋಡಿ, ಎರಡೇ ಟಿಕೀಟು ಹರಿದ. ಪಕ್ಕ ಕುಳಿತವರಿಗೆ ಬಿ.ಎ. ವಿಷಯ ನಾನು ಹೇಳದೆ ಹೋದ ಬಸ್ಸು ಅದೊಂದೇ. ನಿಲ್ದಾಣ ಬಂದಾಗಲೆಲ್ಲ ಅತ್ತೆ ಕರಗಿದ ನೀರನ್ನು ಕಿಟಕಿಯಿಂದ ಚೆಲ್ಲುತ್ತಿದ್ದರು. ನನಗೆ ಅದರ ಬಣ್ಣ ನೋಡುವ ಧೈರ್ಯವಿರಲಿಲ್ಲ; ಹದಿನಾರು ವರ್ಷದ ಓದು ನೀಲಿ ನೀರಾಗಿ ರಸ್ತೆ ಸೇರಿದರೆ ಮತ್ತೆ ಬರೆಯುವ ಶಕ್ತಿ ನನ್ನಲ್ಲಿಲ್ಲ.

"ಚೀಲದ ಬಾಯಿ ಹೆಂಗ ಮುಚ್ಚೀರಿ ಅತ್ತಿ?"

"ಮೇಣಬತ್ತಿಲೆ ಸುಟ್ಟೇನಿ."

"ಗಟ್ಟಿ ಸುಟ್ಟೀರೇನು?"

"ನಾ ಬಿ.ಎ. ಅಲ್ಲ ಅಂತ ಕೇಳತಿ? ಉಪ್ಪಿನಕಾಯಿ ಚೀಲಾ ನಲವತ್ತ ವರ್ಷದಿಂದ ಸುಡತೇನಿ. ಒಂದರೆ ಸೋರೇತೇನು?"

ಸೋರಿರಲಿಲ್ಲ. ಶಾಲೆಯ ಕಟ್ಟೆಯ ಮೇಲೆ ಕೊನೆಯ ಬರ್ಫದ ಚೂರು ಜಾರಿತು. ಅತ್ತೆ ಚೀಲವನ್ನು ಸೆರಗಿನಿಂದ ಒರೆಸಿ, ಹಲ್ಲಿನಿಂದ ಕಚ್ಚಿ ಹರಿದರು. ಒಳಗೆ ಕಾಗದ ಒಣಗಿಯೇ ಇತ್ತು, ಒಂದು ಅಕ್ಷರವೂ ಅಲುಗಿರಲಿಲ್ಲ. ನಾನು ಎರಡೂ ಕೈಯಿಂದ ಅದನ್ನು ಹಿರಿಯ ಗುಮಾಸ್ತರಿಗೆ ಕೊಟ್ಟೆ. ಅವರು ಮುಟ್ಟಿದ್ದೇ ಕೈ ಹಿಂದಕ್ಕೆ ಎಳೆದುಕೊಂಡರು. "ಏನ್ರಿ ಇದು, ಹಿಂಗ ಥಂಡ ಐತಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ನಮ್ಮ ಸೊಸಿನ ಓದಿ ಹೇಳಿದ್ಳರಿ, ಫ್ರೀಜರನ್ಯಾಗ ಇಟ್ಟದ್ದು ಕೆಡೂದಿಲ್ಲಂತ. ಲಗೂನ ನೋಡಿ ಕೊಡ್ರಿ ಸಾಹೇಬ್ರ, ಭಾಳ ಹೊತ್ತ ಹೊರಗ ಇಡಬಾರದು."