ನೀಲಿ ಡಬ್ಬಿಯ ಆಟಗಾರರು

ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಸೋರುವ ಹಂಚನ್ನು ಕಂಡರೂ ಸಹಿಸಿಕೊಂಡಾರು, ಮೂವತ್ತು ದಾಟಿದ ಗಂಡಸಿನ ಕೈಯಲ್ಲಿ ಆಟದ ಸಾಮಾನು ಕಂಡರೆ ಸಹಿಸಲಾರರು ಎಂದು ಶಂಕರಿ ಬೆಳಿಗ್ಗೆಯೇ ತೀರ್ಪು ಕೊಟ್ಟಳು. ಹಾಗಾಗಿ ಅವಳ ತಮ್ಮ ದೇವಿದಾಸ ತನ್ನ ನೀಲಿ ತಗಡಿನ ಡಬ್ಬಿಯನ್ನು ಆ ಒಂದು ದಿನದ ಮಟ್ಟಿಗೆ ಮನೆಯಿಂದ ಹೊರಗೆ ಸಾಗಿಸಬೇಕಾಯಿತು. ಅಂಕೋಲೆಯ ಆ ಕೇರಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಒಂದು ಡಬ್ಬಿಯನ್ನು ಸಾಗಿಸುವುದು ಹೇಗೆ ಎಂದು ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ. ಮುಂದಿನ ರಗಳೆಗೆಲ್ಲ ಅದೇ ಮೂಲ.

ಡಬ್ಬಿಯೊಳಗೆ ಇದ್ದದ್ದು ಬಾಸ್ಕೆಟ್‌ಬಾಲ್ ಆಟಗಾರರ ಚಿತ್ರವಿದ್ದ ಕಾರ್ಡುಗಳು. ದೇವಿದಾಸ ಬೇಲೆಕೇರಿ ಬಂದರಿನಲ್ಲಿ ಅದಿರು ಸಾಗಿಸುವವರ ಹತ್ತಿರ ಹಂಗಾಮಿ ಗುಮಾಸ್ತ. ಸಮುದ್ರದಲ್ಲಿ ಲಂಗರು ಹಾಕಿದ ಹಡಗಿಗೆ ಬಾರ್ಜಿನಲ್ಲಿ ಹೋಗಿ, ಎಷ್ಟು ಅದಿರು ಬಿತ್ತು ಎಂದು ಬರೆದುಕೊಂಡು ಬರುವುದು ಅವನ ಕೆಲಸ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಹೀಗೆ ಹೋದಾಗ, ಹಡಗಿನ ಫಿಲಿಪೈನ್ಸ್ ಅಡುಗೆಯವನಿಗೆ ಒಂದು ಚೀಲ ಈಶಾಡು ಮಾವಿನ ಹಣ್ಣು ಕೊಟ್ಟಿದ್ದ. ಅವನು ಒಂದು ಹಣ್ಣನ್ನು ಅಲ್ಲೇ ಚೀಪಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, ಆಮೇಲೆ ತನ್ನ ಪೆಟ್ಟಿಗೆಯಿಂದ ಒಂದು ಹಿಡಿ ಕಾರ್ಡು ತೆಗೆದು ಇವನ ಕೈಗಿಟ್ಟ. ಅವನ ಊರಿನಲ್ಲಿ ಈ ಆಟದ ಹುಚ್ಚು ಮನೆಮನೆಗೂ ಇತ್ತಂತೆ. ಅಲ್ಲಿಂದ ಆ ಹುಚ್ಚು ಹಡಗು ಹತ್ತಿ ಅಂಕೋಲೆಗೂ ಬಂದಿತು. ಆಮೇಲೆ ಬಂದ ಹಡಗಿನವರ ಹತ್ತಿರವೆಲ್ಲ ಇವನು ಏನಾದರೂ ಕೊಟ್ಟು ಹೊಸ ಕಾರ್ಡು ಪಡೆಯತೊಡಗಿದ.

ದೇವಿದಾಸ ಆ ಆಟವನ್ನು ಜನ್ಮದಲ್ಲಿ ನೋಡಿದವನಲ್ಲ. ಬುಟ್ಟಿಗೆ ತಳ ಏಕಿಲ್ಲ ಎಂಬುದು ಅವನಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಅವನನ್ನು ಹಿಡಿದದ್ದು ಕಾರ್ಡಿನ ಬೆನ್ನು. ಅಲ್ಲಿ ಆಟಗಾರನ ಎತ್ತರ, ತೂಕ, ಹುಟ್ಟೂರು, ಯಾವ ವರ್ಷ ಯಾವ ಊರಿನ ತಂಡದಲ್ಲಿದ್ದ, ಎಷ್ಟು ಆಟ ಆಡಿದ ಎಂಬುದೆಲ್ಲ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಹೆಸರುಗಳಿಗೆ ನಾಲಿಗೆ ಹೊರಳದ ಕಾರಣ ಇವನೇ ಅವರಿಗೆ ತೆಂಗಿನಮರ, ಬೋಳ, ಮೊಣಕಾಲಿನವ ಎಂದು ನಾಮಕರಣ ಮಾಡಿದ್ದ. ಒಂದು ವರ್ಷದ ಕಾರ್ಡಿನಲ್ಲಿ ಸುಖವಾಗಿದ್ದವನು ಮುಂದಿನ ವರ್ಷದ ಕಾರ್ಡಿನಲ್ಲಿ ಬೇರೆ ಬಣ್ಣದ ಬನಿಯನ್ ತೊಟ್ಟು ಬೇರೆ ಊರಿನಲ್ಲಿ ನಿಂತಿದ್ದರೆ ದೇವಿದಾಸನಿಗೆ ಅನ್ನ ಸೇರುತ್ತಿರಲಿಲ್ಲ. ಹಡಗು ಬಂತೆಂದರೆ ಬಂದರಿನವರಿಗೆಲ್ಲ ಅದಿರಿನ ಚಿಂತೆಯಾದರೆ, ಇವನಿಗೆ ಮೊಣಕಾಲಿನವ ಈಗ ಹೇಗಿದ್ದಾನೆ ಎಂಬ ಚಿಂತೆ.

ಈ ಸಂಗತಿಯನ್ನು ಕೇಳಿ ನಗದೆ ಇದ್ದವಳು ಒಬ್ಬಳೇ, ಕಾರವಾರದ ವಿನುತಾ. ತಿಂಗಳ ಹಿಂದೆ ಹೆಣ್ಣು ನೋಡಲು ಹೋದಾಗ ದೇವಿದಾಸ ಮಾತು ತೋಚದೆ ಮೊಣಕಾಲಿನವನ ಕತೆಯನ್ನು ಅರ್ಧ ಹೇಳಿ ನಾಚಿ ನಿಲ್ಲಿಸಿದ್ದ. ಅವಳು ಚಾದ ತಟ್ಟೆಯನ್ನು ಹಿಡಿದುಕೊಂಡೇ, "ಮುಂದೆ ಅಂವಂಗೆ ಎಂತಾಯ್ತು?" ಎಂದು ಕೇಳಿದ್ದಳು. ಅಂದಿನಿಂದ ದೇವಿದಾಸನಿಗೆ ಮದುವೆಯಾದರೆ ಅವಳನ್ನೇ, ಇಲ್ಲದಿದ್ದರೆ ಇಲ್ಲ. ಅವಳಿಗೂ ಮನಸ್ಸಿತ್ತು. ಆದರೆ ಆ ಮನೆಯಲ್ಲಿ ಹೂಂ ಎನ್ನುವ ಅಧಿಕಾರ ಇದ್ದದ್ದು ಅವಳ ಸೋದರಮಾವ ಪುರ್ಸುವಿಗೆ.

ಪುರ್ಸು ಮಾವ ಎಂದರೆ ಹಾಲನ್ನು ಕೊಟ್ಟರೂ ಬೆಳಕಿಗೆ ಹಿಡಿದು ನೋಡುವ ಮನುಷ್ಯ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಕೇರಿಗೆ ಹೇಳದೆ ಕೇಳದೆ ಬಂದು, ಚಾದ ಅಂಗಡಿಯಲ್ಲಿ ಕೂತು, ಹುಡುಗನ ಬಗ್ಗೆ ವಿಚಾರಿಸುವ ಪದ್ಧತಿ ಇದೆ. ಕೇರಿಯವರು ಧರ್ಮಕ್ಕೆಂದು ಹುಡುಗನನ್ನು ಹೊಗಳುತ್ತಾರೆ. ಗದ್ದೆಯೇ ಇಲ್ಲದವನಿಗೂ ಎಕರೆಗಟ್ಟಲೆ ಗದ್ದೆ ಬರುತ್ತದೆ. ಪುರ್ಸು ಮಾವನಿಗೆ ಇದು ಗೊತ್ತಿದ್ದುದರಿಂದ ಯಾರು ಏನು ಹೇಳಿದರೂ ಅರ್ಧಕ್ಕರ್ಧ ಕಳೆದು, ಉಳಿದದ್ದನ್ನೂ ನಂಬುತ್ತಿರಲಿಲ್ಲ. ಆ ದಿನ ಅವನು ಬರುತ್ತಾನೆಂಬ ಸುದ್ದಿ ಮಾತ್ರ ಹೇಗೋ ಶಂಕರಿಯ ಕಿವಿಗೆ ಬಿದ್ದಿತ್ತು.

ದೇವಿದಾಸ ಡಬ್ಬಿಯನ್ನು ಟವಲಿನಲ್ಲಿ ಸುತ್ತಿ, ಕಂಕುಳಲ್ಲಿ ಒತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಎರಡು ಮನೆ ಆಚೆ ಜಟ್ಟಪ್ಪನ ಚಾದಂಗಡಿ. ಅದರ ಹಿಂದೆ ಕಟ್ಟಿಗೆಯ ರಾಶಿ. ಅಲ್ಲಿ ಬಗ್ಗಿ, ಡಬ್ಬಿಯನ್ನು ಒಳಗೆ ತುರುಕಿ, ಮೇಲೊಂದು ಸೋಗೆ ಎಳೆದು, ಎದ್ದು ತಿರುಗಿದರೆ ಎದುರಿಗೆ ತಲೆಯ ಮೇಲೆ ಬಂಗಡೆಯ ಬುಟ್ಟಿ ಹೊತ್ತ, ಮೀನು ಮಾರುವ ತಿಮ್ಮಿ. ಅವಳು ಏನನ್ನೂ ಕೇಳಿರಲಿಲ್ಲ. ಕೇಳದೆಯೇ ಇವನು, ಎಂತದೂ ಇಲ್ಲ, ಸುಮ್ಮನೆ ಬಂದೆ ಎಂದುಬಿಟ್ಟ. ಕೇಳದ ಪ್ರಶ್ನೆಗೆ ಉತ್ತರ ಕೊಡುವವನನ್ನು ತಿಮ್ಮಿ ತನ್ನ ಅನುಭವದಲ್ಲಿ ಎಂದೂ ನಂಬಿದವಳಲ್ಲ.

ಮೀನಿನ ಬುಟ್ಟಿ ಕೇರಿಯ ಆಚೆ ತುದಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತು. ಆಗ ಕರಾವಳಿಯಲ್ಲಿ ದಿನಕ್ಕೊಂದು ಕತೆ. ಹಾರವಾಡದ ದಂಡೆಯಲ್ಲಿ ದೋಣಿ ಬಂತಂತೆ, ದೇವಬಾಗದಲ್ಲಿ ಗೋಣಿ ಸಿಕ್ಕಿತಂತೆ, ಗೋಣಿಯಲ್ಲಿ ಬಂಗಾರವಂತೆ. ಕಂಡವರು ಯಾರೂ ಇಲ್ಲ, ಹೇಳುವವರು ಎಲ್ಲರೂ. ಇಷ್ಟು ದಿನ ಬಂಗಾರ ಬೇರೆ ಊರಿಗೇ ಹೋಗುತ್ತಿತ್ತೆಂದು ಕೇರಿಗೆ ಒಂದು ಬಗೆಯ ಬೇಸರವಿತ್ತು. ಈಗ ವಿದೇಶಿ ಹಡಗಿಗೆ ಹೋಗಿ ಬರುವ ಗುಮಾಸ್ತ, ವಿದೇಶಿ ಡಬ್ಬಿ, ಟವಲು, ಸೋಗೆ. ಜಟ್ಟಪ್ಪ ಚಾ ಸೋಸುವುದನ್ನು ಬಿಟ್ಟು ಕೇಳಿದ. ದೇವಿದಾಸನ ಪಕ್ಕದ ಮನೆಯ ಹುಡುಗ ದತ್ತಾನಂತೂ, ಡಬ್ಬಿ ಎಷ್ಟು ದೊಡ್ಡದು, ಯಾವ ಹಡಗು, ಯಾರಿಗೆಲ್ಲ ಹೇಳಿದೆ ಎಂದು ತಿಮ್ಮಿಗೆ ಬಿಡುವೇ ಕೊಡದೆ ಕೇಳಿದ. ಡಬ್ಬಿಯನ್ನು ಮುಟ್ಟಿ ನೋಡುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ನಾಳೆ ಸಾಕ್ಷಿ ಹೇಳಲು ಕರೆದರೆ ಯಾರು ಹೋಗುತ್ತಾರೆ?

ಪುರ್ಸು ಮಾವ ಕಾರವಾರದ ಬಸ್ಸಿಳಿದು ಅಂಗಡಿಯ ಬೆಂಚಿನ ಮೇಲೆ ಕೂತದ್ದು ಇಂಥ ಹೊತ್ತಿನಲ್ಲಿ. ಚಾ ತರಿಸಿ, ದೇವಿದಾಸ ಎನ್ನುವವನು ಹೇಗೆ ಎಂದು ಕೇಳಿದ. ಅಂಗಡಿ ತಣ್ಣಗಾಯಿತು. ಅಪರಿಚಿತ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಬಂದವನೇ ಕೇಳಿದ್ದು ದೇವಿದಾಸನ ಹೆಸರು. ಬಂದವನು ಯಾರೋ ಕಸ್ಟಮ್ಸಿನ ಸಾಹೇಬನೇ ಇರಬೇಕೆಂದು ಎಲ್ಲರೂ ನಿರ್ಧರಿಸಿದರು. ಜಟ್ಟಪ್ಪ, ತನಗೆ ಅವನ ಮುಖಪರಿಚಯ ಮಾತ್ರ ಎಂದ. ದಿನಾ ಎರಡು ಹೊತ್ತು ಅವನಿಗೆ ಚಾ ಕೊಡುವವನು ಹೀಗೆಂದ. ತಿಮ್ಮಿ ತನಗೆ ಕಣ್ಣೇ ಸರಿಯಾಗಿ ಕಾಣುವುದಿಲ್ಲ ಎಂದಳು. ದತ್ತಾ ಎದ್ದು ಮನೆಗೆ ಹೋದ. ಪುರ್ಸು ಮಾವ ತನ್ನ ಆಯುಷ್ಯದಲ್ಲಿ ಹೊಗಳಿಕೆಯಿಂದ ಅರ್ಧ ಕಳೆದು ಅಭ್ಯಾಸವಿದ್ದವನು. ಮೌನದಿಂದ ಎಷ್ಟು ಕಳೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಈ ಹುಡುಗನಲ್ಲಿ ಏನೋ ಇದೆ ಎಂದುಕೊಂಡು ಮನೆಯ ಕಡೆ ಹೊರಟ.

ಮನೆಯಲ್ಲಿ ಏನೂ ಇರಲಿಲ್ಲ. ಬಾಡಿಗೆಯ ಎರಡು ಕೋಣೆ, ಒಂದು ಮಂಚ, ಗೋಡೆಗೆ ಒಂದು ಕ್ಯಾಲೆಂಡರ್. ಶಂಕರಿ ಅವಲಕ್ಕಿ ಕೊಟ್ಟಳು. ಪುರ್ಸು ಮಾವ ಅವಲಕ್ಕಿಯನ್ನು ಬೆರಳಿನಿಂದ ಕೆದಕಿ ನೋಡುತ್ತ, ಪಗಾರ ಎಷ್ಟು, ಕೆಲಸ ಖಾಯಂ ಯಾವಾಗ ಎಂದು ಕೇಳಿದ. ಇವತ್ತೋ ನಾಳೆಯೋ ಆಗುತ್ತದೆ ಎಂದು ಶಂಕರಿ ಹೇಳುವಷ್ಟರಲ್ಲಿ, ಸುಳ್ಳು ಹೇಳಲು ಬಾರದ ದೇವಿದಾಸ ತನಗೆ ಗೊತ್ತಿಲ್ಲ ಎಂದ. ಪುರ್ಸು ಮಾವ ತಟ್ಟೆಯನ್ನು ಕೆಳಗಿಟ್ಟ. ಜಾತಕವನ್ನು ಇನ್ನೊಬ್ಬ ಭಟ್ಟರಿಗೆ ತೋರಿಸಬೇಕು, ಅವಸರವೇನಿಲ್ಲ ಎಂದು ಎದ್ದು ನಿಂತ. ಅದು ಇಲ್ಲ ಎನ್ನುವುದಕ್ಕೆ ಮರ್ಯಾದೆಯ ಮಾತು ಎಂದು ಯಾರಿಗೆ ಗೊತ್ತಿಲ್ಲ?

ಅದೇ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ಈ ಮನೆಯಲ್ಲಿ ಬಂಗಾರವಿದೆಯೆಂದು ಯಾರೋ ಫೋನು ಮಾಡಿದ್ದರಂತೆ. ಕಸ್ಟಮ್ಸಿನ ಸಾಹೇಬರೊಬ್ಬರು ಇಬ್ಬರು ಜವಾನರ ಜೊತೆ ಇಳಿದು, ಮನೆ ಶೋಧಿಸಬೇಕು ಎಂದರು. ಪಕ್ಕದ ಮನೆಯ ಹಿತ್ತಲಲ್ಲಿ ಬೇಲಿ ಮುರಿದ ಸದ್ದಾಯಿತು. ನೋಡಿದರೆ ದತ್ತಾ ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿಕೊಂಡು, ಒಂದು ಕೈಚೀಲವನ್ನು ಎದೆಗವಚಿಕೊಂಡು ಗದ್ದೆಯ ಕಡೆ ಓಡುತ್ತಿದ್ದ. ಜೀಪು ಕಂಡು ಹೆದರಿದನೆಂದು ಎಲ್ಲರೂ ತಿಳಿದು, ಇತ್ತ ಕಡೆಯ ತಮಾಷೆಗೆ ಮರಳಿದರು.

ಪುರ್ಸು ಮಾವ ಮಾತ್ರ ಹೋಗಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ ಬಂದು ಮಂಚದ ಮೇಲೆ ಗಟ್ಟಿಯಾಗಿ ಕೂತ. ಅವಲಕ್ಕಿಯ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ. ಮುಖದಲ್ಲಿ ಒಂದು ಕಳೆ ಬಂದಿತ್ತು.

"ಇಂತಾ ಹೊತ್ತಲ್ಲೇ ಸಂಬಂಧದವರು ಜೊತೆಗಿರುದು," ಎಂದು ದೇವಿದಾಸನ ಭುಜ ತಟ್ಟಿದ. "ನೀವು ಹೆದರ್ಬೇಡಿ ಅಳಿಯಂದ್ರೆ. ನಾ ಇದ್ದೆ."

ಅಳಿಯಂದ್ರೆ ಎಂಬ ಶಬ್ದ ಕೇಳಿ ದೇವಿದಾಸನ ಕಣ್ಣು ತುಂಬಿತು. ಜಗತ್ತೇ ಕೈಬಿಟ್ಟ ಹೊತ್ತಿನಲ್ಲಿ ಕೈಹಿಡಿಯುವ ಇಂಥ ದೊಡ್ಡ ಮನುಷ್ಯನನ್ನು ತಾನು ಸಂಶಯದಿಂದ ನೋಡಿದೆನಲ್ಲ ಎಂದು ಒಳಗೇ ನೊಂದುಕೊಂಡ.

ಜವಾನರು ಮಂಚದ ಕೆಳಗೆ, ಅಕ್ಕಿಯ ಡ್ರಮ್ಮಿನಲ್ಲಿ, ಹಂಚಿನ ಸಂದಿಯಲ್ಲಿ ಹುಡುಕಿದರು. ಹೊರಗೆ ಸೇರಿದ್ದ ಕೇರಿ ಒಂದು ಮಾತೂ ಆಡಲಿಲ್ಲ, ಆದರೆ ಎಲ್ಲರ ಕಣ್ಣೂ ಒಟ್ಟಿಗೆ ಜಟ್ಟಪ್ಪನ ಕಟ್ಟಿಗೆ ರಾಶಿಯ ಕಡೆ ಹೊರಳಿತ್ತು. ಸಾಹೇಬರು ಕೆಲಸ ಕಲಿತವರು. ಕಣ್ಣು ಹೋದ ಕಡೆಯೇ ನಡೆದರು. ಟವಲಿನ ಸಮೇತ ನೀಲಿ ಡಬ್ಬಿ ಬಂದು ಅಂಗಳದ ನಡುವೆ ಕೂತಿತು. ಪುರ್ಸು ಮಾವ ತಟ್ಟೆ ಸಮೇತ ಹೊರಗೆ ಬಂದು ಎಲ್ಲರಿಗಿಂತ ಮುಂದೆ ನಿಂತ.

ಮುಚ್ಚಳ ತೆಗೆದರೆ ಎತ್ತರದ ಗಂಡಸರು. ಸಾಹೇಬರು ಒಂದೊಂದನ್ನೇ ತಿರುಗಿಸಿ ನೋಡಿದರು. ಚಿತ್ರಕ್ಕಿಂತ ಬೆನ್ನಿನ ಅಂಕಿಗಳು ಅವರಿಗೆ ಹೆಚ್ಚು ಸಂಶಯ ತಂದವು. ವರ್ಷ, ಊರು, ಸಂಖ್ಯೆ. ಮಾಲು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬರೆದಿಟ್ಟ ಹಾಗೆಯೇ ಕಾಣುತ್ತಿತ್ತು. ಒಂದು ಕಾರ್ಡನ್ನು ಎತ್ತಿ ಹಿಡಿದು, ಇವನು ಯಾರು, ಇಷ್ಟೊಂದು ಊರು ಏಕೆ ತಿರುಗಿದ್ದಾನೆ ಎಂದು ಕೇಳಿದರು.

ಅದು ಮೊಣಕಾಲಿನವನ ಕಾರ್ಡು. ದೇವಿದಾಸನಿಗೆ ಭಯ ಮರೆತೇ ಹೋಯಿತು. ಅಂವ ಪಾಪದವ ಎಂದು ಶುರು ಮಾಡಿದ. ಮೊದಲು ಐದು ವರ್ಷ ಒಂದೇ ಊರಿನಲ್ಲಿದ್ದ, ಹೆಸರು ಮಾಡಿದ. ಆಮೇಲೆ ಮೊಣಕಾಲು ಹೋಯಿತು, ಆ ವರ್ಷದ ಸಾಲಿನಲ್ಲಿ ನೋಡಿ, ಆಟವೇ ಇಲ್ಲ. ಗುಣವಾಗಿ ಬಂದರೆ ಊರಿನವರು ಇಟ್ಟುಕೊಳ್ಳಲಿಲ್ಲ, ಮಾರಿಬಿಟ್ಟರು. ಎಲ್ಲಿಯೂ ಎರಡು ವರ್ಷ ನಿಲ್ಲಿಸಲಿಲ್ಲ. ಹೋದಲ್ಲೆಲ್ಲ ಬೆಂಚಿನ ಮೇಲೆ ಕೂರಿಸಿದರು. ಕೊನೆಗೆ ಮೊದಲಿನ ಊರಿನವರೇ ಕರೆಸಿಕೊಂಡರು, ಈ ವರ್ಷದ ಕಾರ್ಡಿನಲ್ಲಿ ಹಳೆಯ ಬಣ್ಣದ ಬನಿಯನ್ನೇ ತೊಟ್ಟಿದ್ದಾನೆ. ಅಂಗಳದಲ್ಲಿ ನಿಂತವರು ಬಂಗಾರವನ್ನು ಒಂದು ಕ್ಷಣ ಮರೆತರು. ತಿಮ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಾಹೇಬರು ಆ ಕಾರ್ಡಿನ ಬೆನ್ನಿನ ಊರುಗಳನ್ನು ಬೆರಳಿಟ್ಟು ಎಣಿಸಿದರು. "ನನ್ನನ್ನೂ ಆರು ಊರು ತಿರುಗಿಸಿದ್ದಾರೆ," ಎಂದರು ಮೆಲ್ಲಗೆ. "ನಮ್ಮೂರಿನವರು ಇನ್ನೂ ಕರೆದಿಲ್ಲ."

ಆಮೇಲೆ ತಾವು ಸಾಹೇಬರೆಂಬುದು ನೆನಪಾಗಿ, ಇವಕ್ಕೆ ಬೆಲೆ ಎಷ್ಟು ಎಂದು ಗಡುಸಾಗಿ ಕೇಳಿದರು. ಪುರ್ಸು ಮಾವ ಕತ್ತು ಚಾಚಿದ. ದೇವಿದಾಸನಿಗೆ ಅಡುಗೆಯವನ ಮಾತು ನೆನಪಾಯಿತು. ದೊಡ್ಡ ಆಟಗಾರರ ಮೊದಲ ವರ್ಷದ ಕಾರ್ಡುಗಳನ್ನು ಅಮೆರಿಕೆಯಲ್ಲಿ ಗಾಜಿನೊಳಗೆ ಇಡುತ್ತಾರಂತೆ, ಕೊಳ್ಳುವವರು ಸಾಲುಗಟ್ಟುತ್ತಾರಂತೆ. ಬೋಳನದು ಅಂಥದೇ ಇರಬಹುದು ಎಂದೂ ಅವನು ಹೇಳಿದ್ದ. ಅದನ್ನು ಬಾಯಿಬಿಟ್ಟರೆ ಡಬ್ಬಿಯೂ ಹೋಗುತ್ತದೆ, ತಾನೂ ಜೀಪು ಹತ್ತಬೇಕಾಗುತ್ತದೆ. ಕಳ್ಳಸಾಗಾಣಿಕೆಯ ಕಳಂಕ ಹೊತ್ತವನಿಗೆ ವಿನುತಾಳನ್ನು ಯಾರು ಕೊಡುತ್ತಾರೆ? ಬೆನ್ನಿಗೆ ನಿಂತ ಪುರ್ಸು ಮಾವನ ಮರ್ಯಾದೆಯೂ ಉಳಿಯಬೇಕಲ್ಲ. ಸುಳ್ಳು ಬಾರದ ದೇವಿದಾಸ ಮೊದಲ ಸಲ ಎದೆ ಸೆಟೆಸಿ, ಇಡೀ ಕೇರಿಗೆ ಕೇಳುವ ಹಾಗೆ ಹೇಳಿದ.

"ಒಂದು ದಮ್ಮಡಿ ಬೆಲೆ ಇಲ್ಲ ಸಾಹೇಬ್ರೆ, ಶಾಂತಾದುರ್ಗೆ ಆಣೆ. ಇದು ಬರೀ ರಟ್ಟು. ಈ ರಟ್ಟು ಬಿಟ್ರೆ ನಂಗೆ ಬೇರೆ ಎಂತದೂ ಇಲ್ಲ. ಮನೆ ಬಾಡಿಗೇದು, ಕೆಲಸ ಹಂಗಾಮಿ. ಬೇಕಾರೆ ಯಾರ ಹತ್ರನಾದ್ರೂ ಕೇಳಿ."

ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ ಕೇರಿಗೆ ಈಗ ಧರ್ಮ ನೆನಪಾಯಿತು. ಹುಡುಗನನ್ನು ಉಳಿಸಲು ಎಲ್ಲರೂ ಒಮ್ಮೆಲೇ ಮುಂದೆ ಬಂದರು. ಅವನ ಹತ್ತಿರ ಏನೂ ಇಲ್ಲ ಎಂದು ಜಟ್ಟಪ್ಪ ಸಾಕ್ಷಿ ನುಡಿದ. ಚಾದ ಬಾಕಿಯನ್ನೇ ತಿಂಗಳಾನುಗಟ್ಟಲೆ ಕೊಡುವುದಿಲ್ಲ ಎಂದೂ ಸೇರಿಸಿದ. ಬಂಗಡೆ ಬಿಟ್ಟು ದೊಡ್ಡ ಮೀನನ್ನು ಆ ಮನೆಯವರು ಕೊಂಡದ್ದೇ ಇಲ್ಲ ಎಂದಳು ತಿಮ್ಮಿ. ಬಡತನದ ವಿಷಯದಲ್ಲಿ ಇಷ್ಟು ಒಗ್ಗಟ್ಟಿನ ಹೊಗಳಿಕೆಯನ್ನು ಆ ಕೇರಿ ಯಾರಿಗೂ ಕೊಟ್ಟಿರಲಿಲ್ಲ.

ಸಾಹೇಬರಿಗೆ ನಂಬಿಕೆ ಬಂತು. ಡಬ್ಬಿಯಲ್ಲಿ ಬೆಲೆಬಾಳುವ ವಸ್ತು ಏನೂ ಇಲ್ಲ, ಮನೆಯಲ್ಲಿಯೂ ಇಲ್ಲ ಎಂದು ಎಲ್ಲರೆದುರು ಹೇಳಿ, ತೊಂದರೆ ಕೊಟ್ಟದ್ದಕ್ಕೆ ಬೇಸರಪಟ್ಟು ಜೀಪು ಹತ್ತಿದರು. ಶಂಕರಿ ದೇವರಿಗೆ ದೀಪ ಹಚ್ಚಲು ಒಳಗೆ ಓಡಿದಳು. ದೇವಿದಾಸ ಗೆದ್ದ ಮುಖ ಹೊತ್ತು ಪುರ್ಸು ಮಾವನ ಕಡೆ ತಿರುಗಿದ. ಪುರ್ಸು ಮಾವ ಅವಲಕ್ಕಿಯ ತಟ್ಟೆಯನ್ನು ಜಗುಲಿಯ ಮೇಲೆ ಇಟ್ಟು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

"ಮಾವಾ, ಎಲ್ಲಾ ಸರಿ ಆಯ್ತಲ್ಲ," ಎಂದ ದೇವಿದಾಸ.

ಕೇಳಿದೆ, ಪೂರಾ ಕೇಳಿದೆ ಎಂದ ಪುರ್ಸು ಮಾವ. ಕೇರಿಯವರು ಹೇಳಿದ್ದರೆ ಅರ್ಧ ಬಿಡುತ್ತಿದ್ದೆ, ಸರ್ಕಾರದವರೇ ನೋಡಿ ಏನೂ ಇಲ್ಲ ಎಂದ ಮೇಲೆ ಸಂಶಯಕ್ಕೆ ಜಾಗವೇ ಉಳಿಯಲಿಲ್ಲ ಎಂದ. ಅಳಿಯಂದ್ರೆ ಎಂಬ ಶಬ್ದ ಆ ಮಾತಿನಲ್ಲಿ ಎಲ್ಲಿಯೂ ಬರಲಿಲ್ಲ. ದೇವಿದಾಸ ಡಬ್ಬಿಯನ್ನು ಹಿಡಿದು ಅಂಗಳದಲ್ಲೇ ನಿಂತ. ಮುಂದೆ ಅವನಿಗೆ ಏನಾಯಿತು ಎಂದು ಕೇಳುವವಳು ಇನ್ನು ಯಾರ ಮನೆ ಸೇರುತ್ತಾಳೋ ಎಂಬುದೇ ಈಗ ಅವನ ಚಿಂತೆ.

ಪುರ್ಸು ಮಾವ ಬಸ್ ಸ್ಟ್ಯಾಂಡಿನ ಕಡೆ ಹೋಗಲಿಲ್ಲ. ನೇರವಾಗಿ ಜಟ್ಟಪ್ಪನ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಕೂತು, ಇನ್ನೊಂದು ಚಾ ಹೇಳಿದ. ಆಮೇಲೆ ಪಕ್ಕದ ಮನೆಯ ಮುರಿದ ಬೇಲಿಯನ್ನೇ ನೋಡುತ್ತ ದನಿ ತಗ್ಗಿಸಿದ.

"ಜೀಪ್ ಬಂದ ಕೂಡ್ಲೆ ಚೀಲ ಹಿಡ್ಕಂಡು ಓಡ್ದ ಅಲ್ಲ, ಆ ಹುಡುಗಂಗೆ ಮದುವೆ ಆಗಿದ್ಯಾ?"