ಮುಂದೆ ಗೋಡೆ ಇದ್ದರೆ

"ಮುಂದ ಹೋಗು ಅಂದ್ರ ಹಿಂದ ಯಾಕ ಹೊಂಟೈತಿ ಇದು?"

ತಿರ್ಲಾಪುರದ ಶಾಲೆಯ ಖಾಲಿ ಕೋಣೆಯಲ್ಲಿ ನಿಂತು ಮಡಿವಾಳೆಪ್ಪ ಮಾಸ್ತರರು ಹೀಗೆ ಕೇಳಿದಾಗ ಉತ್ತರ ಕೊಡುವವರು ಯಾರೂ ಇರಲಿಲ್ಲ. ನೆಲದ ಮೇಲಿದ್ದ ರೋಬೋಟು, ಮಾವನನ್ನು ಎದುರಿಗೆ ಕಂಡ ಹೊಸ ಸೊಸೆಯ ಹಾಗೆ ಹಿಂದೆ ಹಿಂದೆ ಸರಿದು, ಮೂಲೆಗೆ ಬೆನ್ನು ಹಚ್ಚಿ ನಿಂತಿತು. ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಶಿಕ್ಷಣ ಇಲಾಖೆಯ ಸಾಹೇಬರು ಅದನ್ನೇ ನೋಡಲು ಬರುವವರಿದ್ದರು.

ಮಾಸ್ತರರು ಕನ್ನಡದವರು. ಇಪ್ಪತ್ತಾರು ವರ್ಷ ನಾಲ್ಕನೆಯ ತಾಸಿಗೆ ಪದ್ಯ ಹಾಡಿಸಿದವರು. ಅವರು ಒಂದು ಸಾಲು ಎತ್ತಿಕೊಟ್ಟರೆ ಏಳನೆಯ ವರ್ಗ ಅದನ್ನು ಹಿಡಿದು ಹತ್ತಿಯ ಹೊಲದ ತನಕ ಒಯ್ಯುತ್ತಿತ್ತು. ಈ ವರ್ಷ ರೋಬೋಟಿನ ಪೆಟ್ಟಿಗೆ ಬಂತು, ವಿಜ್ಞಾನದ ಮಾಸ್ತರರು ವರ್ಗವಾಗಿ ಹೋದರು, ನಾಲ್ಕನೆಯ ತಾಸು ಕೋಡಿಂಗಿನ ಪಾಲಾಯಿತು. ಅದನ್ನು ಕಲಿಸುವ ಕೆಲಸ ಇವರ ಕೊರಳಿಗೆ ಬಿತ್ತು. ಧಾರವಾಡದಲ್ಲಿ ಮೂರು ದಿನ ತರಬೇತಿಯೂ ಆಗಿತ್ತು. ಅಲ್ಲಿ ಹೇಳಿದ್ದನ್ನೆಲ್ಲ ಅವರು ಪುರಾಣ ಕೇಳುವವರ ಹಾಗೆ ಕಣ್ಣು ಮುಚ್ಚಿ ಕೇಳಿದ್ದರು. ಮೊದಲ ದಿನ ಊಟವಾದ ಮೇಲೆ ಆ ಕಣ್ಣು ತೆರೆದಿರಲೇ ಇಲ್ಲ.

ಮುಖ್ಯೋಪಾಧ್ಯಾಯಿನಿ ರೋಹಿಣಿಬಾಯಿ ನಿನ್ನೆ ಒಂದು ಮಾತು ಕೊಟ್ಟಿದ್ದರು. ಸಾಹೇಬರ ಮುಂದೆ ರೋಬೋಟು ನೆಟ್ಟಗೆ ಓಡಿದರೆ ಅದನ್ನು ಕಲಿಸಲು ಮೊರಬದಿಂದ ಜಾಕೀರ್ ಮಾಸ್ತರರನ್ನು ಕರೆಸುವುದು, ನಾಲ್ಕನೆಯ ತಾಸನ್ನು ಪದ್ಯಕ್ಕೆ ಮರಳಿ ಕೊಡುವುದು. ಆ ಒಂದು ತಾಸಿಗಾಗಿ ಮಾಸ್ತರರು ರೋಬೋಟಿನ ಕಾಲು ಹಿಡಿಯಲೂ ತಯಾರಿದ್ದರು. ಅದಕ್ಕಿದ್ದದ್ದು ಗಾಲಿ.

ಅದಕ್ಕೆ ಬುದ್ಧಿ ಕೊಟ್ಟವಳು ಮಾತ್ರ ಏಳನೆಯ ವರ್ಗದ ದುರ್ಗಾ. ಒಂದು ತಿಂಗಳು ಊಟದ ಬಿಡುವಿನಲ್ಲಿ ನೋಟಬುಕ್ಕಿನ ತುಂಬ ಬಾಣದ ಗುರುತು ಹಾಕಿ, ಟ್ಯಾಬಿನ ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿದ್ದಳು. ಮುಂದೆ ನಡೆ. ಮುಂದೆ ಗೋಡೆ ಇದ್ದರೆ ಅದು ದೂರಾಗುವ ತನಕ ಹಿಂದೆ ಸರಿ, ಆಮೇಲೆ ಎಡಕ್ಕೆ ತಿರುಗು, ಮತ್ತೆ ನಡೆ. ನೆಲದ ಮೇಲೆ ಊರಿನ ನಕಾಶೆ ಬಿಡಿಸಿ ಕಡ್ಡಿಪೆಟ್ಟಿಗೆಯ ಮನೆಗಳನ್ನು ಇಟ್ಟಿದ್ದರು. ನಿನ್ನೆ ಸಂಜೆ ರೋಬೋಟು ಒಂದು ಮನೆಗೂ ತಾಗದೆ ಶಾಲೆಯಿಂದ ಬಸ್‌ಸ್ಟ್ಯಾಂಡಿಗೆ ಹತ್ತು ಸಲ ಹೋಗಿತ್ತು. ಕರಿಹಲಗೆಯ ಮೇಲೆ ಮಾಸ್ತರರೇ ದುಂಡಗೆ ಬರೆದಿದ್ದರು: ತಯಾರಿಸಿದವರು – ದುರ್ಗಾ.

ಪೂಜೆ ಇಲ್ಲದೆ ಯಾವ ಯಂತ್ರವೂ ದೊಡ್ಡ ಕೆಲಸಕ್ಕೆ ಹೊರಡಬಾರದು. ಅದಕ್ಕೇ ಇವತ್ತು ಮುಂಜಾನೆ ಮಾಸ್ತರರು ಸ್ನಾನ ಮಾಡಿ ಬಂದು ಊದಿನಕಡ್ಡಿ ಬೆಳಗಿ, ಹಸಿ ವಿಭೂತಿಯನ್ನು ಮೂರು ಬೆರಳಿನಿಂದ ರೋಬೋಟಿನ ಹಣೆ ತುಂಬ ಎಳೆದು, ಕೈಮುಗಿದು ಗುಂಡಿ ಒತ್ತಿದ್ದರು. ಆಗ ಶುರುವಾಗಿದ್ದು ಈ ಹಿನ್ನಡಿಗೆ.

ಮೊದಲು ಬಂದವನು ಶಾಲಾ ಸಮಿತಿಯ ಅಧ್ಯಕ್ಷ ಲಕ್ಕಪ್ಪ. ಟ್ರ್ಯಾಕ್ಟರ್ ಇಟ್ಟವನಾದ್ದರಿಂದ ಗಾಲಿ ಇದ್ದದ್ದೆಲ್ಲ ತನ್ನ ಸ್ವಾಧೀನವೆಂದು ತಿಳಿದವನು. ಗೇರು ರಿವರ್ಸಿನಲ್ಲಿ ಸಿಕ್ಕಿದೆಯೆಂದು ನಾಲ್ಕೂ ಗಾಲಿಗೆ ಬೆರಳು ತುಂಬ ಗ್ರೀಸು ಮೆತ್ತಿದ. ರೋಬೋಟು ಇನ್ನೂ ಜೋರಾಗಿ ಹಿಂದೆ ಹೋಯಿತು. ಆಮೇಲೆ ಬಿಸಿಯೂಟದ ಸಾವಂತ್ರೆವ್ವ ಬಂದಳು. ಮಂದಿಯ ಕಣ್ಣು ತಾಗಿದೆಯೆಂದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡದಲ್ಲಿ ಹಾಕಿದಳು. ಕೋಣೆಯಲ್ಲಿದ್ದವರೆಲ್ಲ ಕೆಮ್ಮಿ ಕಣ್ಣೀರಿಟ್ಟರು, ರೋಬೋಟೊಂದನ್ನು ಬಿಟ್ಟು.

ಆ ಹೊಗೆಯೊಳಗೇ ದುರ್ಗಾ ಬಂದಳು. ಟ್ಯಾಬು ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದರಾಗ ತಪ್ಪಿಲ್ರಿ ಸರ. ಮುಂದ ಗ್ವಾಡಿ ಐತಿ ಅಂತ ಅದಕ್ಕ ಕಾಣಾಕತ್ತೈತಿ. ಒಂದೀಟು ಅದರ ಮಾರಿ..."

"ಎಲ್ಲೈತಿಬೇ ಗ್ವಾಡಿ? ಬಾಗಲಾ ಪೂರಾ ತೆರದೈತಿ," ಎಂದರು ಮಾಸ್ತರರು. ಹತ್ತೂಕಾಲು ಆಗಿತ್ತು. ನಾಲ್ಕನೆಯ ತಾಸು ಕೈ ಜಾರುತ್ತಿತ್ತು. ಹುಡುಗಾಟಿಕೆಯಲ್ಲಿ ಏನೋ ಕೆಡಿಸಿಟ್ಟು ಈಗ ಗೋಡೆಯ ಮೇಲೆ ಹಾಕುತ್ತೀ ಎಂದು ಎಲ್ಲರೆದುರು ಬೈದರು. ಸಾಹೇಬರು ಹೋಗುವ ತನಕ ಒಳಗೆ ಕಾಲಿಡಬೇಡ ಎಂದರು. ಡಸ್ಟರು ತೆಗೆದುಕೊಂಡು ಅವಳ ಹೆಸರನ್ನು ಅವಳ ಕಣ್ಣೆದುರೇ ಒರೆಸಿದರು.

ದುರ್ಗಾ ನೋಟಬುಕ್ಕು ಎದೆಗೊತ್ತಿಕೊಂಡು ಹೊರಗೆ ಹೋದಳು.

ರೋಹಿಣಿಬಾಯಿ ಕೆಮ್ಮುತ್ತ ಒಳಬಂದರು. ಸಾಹೇಬರ ಗಾಡಿ ಅಣ್ಣಿಗೇರಿ ದಾಟಿದೆ, ಸರ್ಕಾರಿ ವಸ್ತುವಿಗೆ ಇದೆಂಥ ವಿಭೂತಿ, ಮೊದಲು ಅಳಿಸಿ ಎಂದರು. ಸಾವಂತ್ರೆವ್ವ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು, ಮೊಮ್ಮಗನ ಮೂಗು ಒರೆಸುವಂತೆ ಒರೆಸಿದಳು. ರೋಬೋಟು ಒಮ್ಮೆ ಗುರ್ ಎಂದು, ಹಿಡಿದ ದಾರಿ ಬಿಡದೆ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿತು.

ಗ್ರೀಸು ಈಗ ಹತ್ತಿತು ನೋಡ್ರಿ ಎಂದ ಲಕ್ಕಪ್ಪ. ಮೆಣಸಿನಕಾಯಿಯ ಪ್ರತಾಪ ಎಂದಳು ಸಾವಂತ್ರೆವ್ವ. ಇಬ್ಬರಿಗೂ ಜಗಳ ಹತ್ತಿತು. ಮಾಸ್ತರರು ಮಾತ್ರ ಬಗ್ಗಿ ನೋಡುತ್ತ ನಿಂತರು. ವಿಭೂತಿ ಇದ್ದಲ್ಲಿ ಹೆಸರುಬೇಳೆಯಷ್ಟು ಗಾಜಿನ ಕಣ್ಣೊಂದು ಪಿಳಿಪಿಳಿ ನೋಡುತ್ತಿತ್ತು. ಗೋಡೆ ಕಟ್ಟಿದವರು ಯಾರೆಂದು ಅವರಿಗೆ ತಿಳಿಯಿತು.

ಬಾಗಿಲ ತನಕ ಹೋದರು. ದುರ್ಗಾ ನೀರಿನ ಟಾಕಿಯ ನೆರಳಲ್ಲಿ ಕುಳಿತು, ಇಲ್ಲದ ತಪ್ಪನ್ನು ಬೆರಳಿಟ್ಟು ಸಾಲು ಸಾಲು ಹುಡುಕುತ್ತಿದ್ದಳು. ಕರೆಯಬೇಕೆಂದು ಬಾಯಿ ತೆರೆದರು. ಗೇಟಿನಲ್ಲಿ ಜೀಪು ಬಂತು. ತಿರುಗಿ ನೋಡಿದರೆ, ಹಲಗೆಯ ಮೇಲೆ ಖಾಲಿ ಬಿದ್ದ ಜಾಗದಲ್ಲಿ ರೋಹಿಣಿಬಾಯಿ ಅವಸರದಿಂದ ಬರೆದಾಗಿತ್ತು: ತಯಾರಿಸಿದವರು – ಶ್ರೀ ಮಡಿವಾಳೆಪ್ಪನವರು. ಡಸ್ಟರು ಇನ್ನೂ ಮಾಸ್ತರರ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟರು.

ರೋಬೋಟು ಸಾಹೇಬರ ಮುಂದೆ ಮೂರು ಸಲ ಓಡಿತು. ನಾಲ್ಕನೆಯ ಸಲ ಸಾಹೇಬರು ಬೇಕೆಂದೇ ಬೂಟುಗಾಲು ಅಡ್ಡ ಇಟ್ಟರು. ಅದು ನಿಂತು, ಹಿಂದೆ ಸರಿದು, ಎಡಕ್ಕೆ ತಿರುಗಿ, ಮರ್ಯಾದೆಯಿಂದ ಬಳಸಿಕೊಂಡು ಹೋಯಿತು. ಸಾಹೇಬರು ಹಲಗೆ ಓದಿದರು. ಕನ್ನಡದ ಮಾಸ್ತರರು ಇಷ್ಟು ಮಾಡಿದ್ದನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ಅಲ್ಲೇ ಆದೇಶವೂ ಆಯಿತು. ಸೋಮವಾರದಿಂದ ವರ್ಷದ ಕೊನೆಯ ತನಕ ಮಡಿವಾಳೆಪ್ಪನವರು ನವಲಗುಂದದಲ್ಲಿ ನಲವತ್ತು ಮಾಸ್ತರರಿಗೆ ಕೋಡಿಂಗು ಕಲಿಸಬೇಕು.

"ಮತ್ತ ಪದ್ಯದ ತಾಸ್ರಿ?" ಎಂದರು ಮಾಸ್ತರರು.

"ಪದ್ಯ ಹುಡುಗರು ಮನಿಯಾಗ ಓದಿಕೊಳ್ತಾರ ಬಿಡ್ರಿ," ಎಂದರು ಸಾಹೇಬರು.

ಜೀಪಿನ ತನಕ ಹಿಂದೆ ಓಡಿ ಮಾಸ್ತರರು ನಿಜ ಹೇಳಿದರು. "ಸಾಹೇಬ್ರ, ಇದು ನನ್ನ ಕೆಲಸ ಅಲ್ರಿ. ನನಗ ಇದರಾಗ ಒಂದಕ್ಷರ ಬರೂದಿಲ್ಲ. ದುರ್ಗಾ ಅಂತ ಒಂದು ಹುಡುಗಿ ಮಾಡಿದ್ದು."

ಸಾಹೇಬರು ಅವರ ಭುಜ ತಟ್ಟಿದರು. ತನ್ನ ಕೀರ್ತಿಯನ್ನು ಶಿಷ್ಯರಿಗೆ ಧಾರೆಯೆರೆಯುವ ಇಂಥ ಗುರು ಈ ಕಾಲದಲ್ಲಿ ಸಿಕ್ಕುವುದಿಲ್ಲವೆಂದು ರೋಹಿಣಿಬಾಯಿಗೆ ಹೇಳಿ, ಭೇಟಿ ಪುಸ್ತಕ ಮರಳಿ ತರಿಸಿಕೊಂಡು 'ವಿನಯಶೀಲರು' ಎಂದು ಸೇರಿಸಿ ಹೋದರು. ಅರ್ಧ ತಾಸು ಮೊದಲು ಹೇಳಿದ್ದರೆ ನಿಜವಾಗುತ್ತಿದ್ದ ಮಾತು ಈಗ ಬರೀ ವಿನಯವಾಗಿತ್ತು.

ಮಾಸ್ತರರು ಟಾಕಿಯ ಹತ್ತಿರ ಹೋದರು. ದುರ್ಗಾ ಎದ್ದು ನಿಂತಳು.

"ತಪ್ಪು ಸಿಗವಲ್ದರಿ ಸರ."

"ತಪ್ಪು ಇರಲಿಲ್ಲವ್ವ. ನಾನ ಅದರ ಕಣ್ಣು ಮುಚ್ಚಿದ್ನಿ." ಅವರು ಟಾಕಿಯ ಕಟ್ಟೆಯ ಮೇಲೆ ಕುಳಿತರು. ಸೋಮವಾರದ ವಿಷಯ ಹೇಳಿದರು. ಇವತ್ತು ಶುಕ್ರವಾರ, ನಡುವೆ ಎರಡು ದಿನ ಇವೆ, ಎಲ್ಲಿ ಕರೆದರೆ ಅಲ್ಲಿಗೆ ಬಂದು ಕೂರುತ್ತೇನೆ, ಅ ಆ ಇ ಈ ಹಾಗೆ ಮೊದಲಿನಿಂದ ಹೇಳಿಕೊಡು ಎಂದು ಕೇಳಿದರು.

ದುರ್ಗಾ ನೋಟಬುಕ್ಕಿನಿಂದ ತಲೆ ಎತ್ತಿದಳು.

"ತಪ್ಪಿಲ್ಲ ಅಂತ ಯಾವಾಗ ಗೊತ್ತಾತ್ರಿ ನಿಮಗ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮಾಸ್ತರರು ಅದನ್ನು ನುಂಗಿದರು.

"ಸಾಹೇಬ್ರು ಬರೂಕಿಂತ ಮೊದಲ."

ಅವಳು ನೋಟಬುಕ್ಕು ಮುಚ್ಚಿದಳು.

"ನಿಮಗ ನಾ ಕಲಸೂದಿಲ್ರಿ ಸರ."